ಬಿಶಾನ್–ಆಂಗ್ ಮೊ ಕಿಯೊ ಉದ್ಯಾನ: ಕಾಲುವೆ ಒಡೆದು ನದಿ ಮಾಡಿದ ಜಾಗ

ಸಿಂಗಪುರಕ್ಕೆ ಹೋಗುವ ನಮ್ಮವರ ಪ್ರವಾಸಪಟ್ಟಿಯಲ್ಲಿ ಸೆಂಟೋಸಾ, ಗಾರ್ಡನ್ಸ್ ಬೈ ದ ಬೇ, ಮುಸ್ತಫಾ ಅಂಗಡಿ ತಪ್ಪದೆ ಇರುತ್ತವೆ. ಬಿಶಾನ್–ಆಂಗ್ ಮೊ ಕಿಯೊ ಉದ್ಯಾನದ ಹೆಸರನ್ನು ಕೇಳಿದವರೇ ಕಡಿಮೆ. ಪ್ರವೇಶಶುಲ್ಕವಿಲ್ಲ, ಸಾಲುನಿಲ್ಲುವ ಕೆಲಸವಿಲ್ಲ, ಫೋಟೊಕ್ಕೆಂದೇ ಕಟ್ಟಿದ ಯಾವ ಆಕರ್ಷಣೆಯೂ ಇಲ್ಲ. ಎರಡು ದೊಡ್ಡ ವಸತಿ ಬಡಾವಣೆಗಳ ನಡುವೆ 62 ಹೆಕ್ಟೇರ್, ಅಂದರೆ ನೂರೈವತ್ತು ಎಕರೆಗೂ ತುಸು ಹೆಚ್ಚು ಜಾಗದಲ್ಲಿ ಹರಡಿಕೊಂಡಿರುವ ಈ ಉದ್ಯಾನ ಅಲ್ಲಿನ ಜನರ ದಿನನಿತ್ಯದ ಬಳಕೆಯದು. ಆದರೂ ಊರು ಕಟ್ಟುವಾಗ ಗಿಡ, ಹಕ್ಕಿ, ಮೀನುಗಳಿಗೆ ಎಲ್ಲಿ ಜಾಗ ಕೊಡಬೇಕು ಎಂಬ ಪ್ರಶ್ನೆಯಲ್ಲಿ ಆಸಕ್ತಿಯಿರುವವರು ಉಳಿದುದನ್ನೆಲ್ಲ ಬಿಟ್ಟಾದರೂ ಇದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಉದ್ಯಾನ ರೂಪುಗೊಂಡದ್ದು 1988ರಲ್ಲಿ. ಆಗ ಅದರ ಅಂಚಿನಲ್ಲಿ ಕಲ್ಲಾಂಗ್ ನದಿ 2.7 ಕಿಲೋಮೀಟರ್ ಉದ್ದದ ನೇರವಾದ ಕಾಂಕ್ರೀಟ್ ಕಾಲುವೆಯಾಗಿ ಹರಿಯುತ್ತಿತ್ತು. ಸುತ್ತಲಿನ ಬಡಾವಣೆಗಳು ಬೆಳೆದಂತೆ ಮಳೆನೀರಿನ ಹರಿವು ಹೆಚ್ಚಿ, ಆ ಕಾಲುವೆಯನ್ನು ಹೇಗೂ ದೊಡ್ಡದು ಮಾಡಲೇಬೇಕಾಗಿ ಬಂತು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಆಗುವುದೇನೆಂದು ಬೆಂಗಳೂರಿನ ರಾಜಕಾಲುವೆಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ: ಗೋಡೆ ಇನ್ನಷ್ಟು ಎತ್ತರವಾಗುತ್ತದೆ, ತಳ ಇನ್ನಷ್ಟು ಅಗಲವಾಗುತ್ತದೆ, ಮೇಲೆ ತಂತಿಬೇಲಿ ಬರುತ್ತದೆ. ಇಲ್ಲಿ ಮಾತ್ರ ಸಿಂಗಪುರದ ಜಲಮಂಡಳಿಯಾದ ಪಿಯುಬಿ ಮತ್ತು ಉದ್ಯಾನಗಳನ್ನು ನೋಡಿಕೊಳ್ಳುವ ಎನ್‌ಪಾರ್ಕ್ಸ್ ಜೊತೆಗೂಡಿ ಕಾಲುವೆಯನ್ನು ಒಡೆದುಹಾಕಿದವು. 2009ರಲ್ಲಿ ಆರಂಭವಾದ ಕಾಮಗಾರಿ ಮುಗಿದು 2012ರ ಮಾರ್ಚ್‌ನಲ್ಲಿ ಉದ್ಯಾನ ಮತ್ತೆ ತೆರೆದಾಗ, ಅದೇ ನೀರು ಉದ್ಯಾನದ ಒಳಗೆ 3.2 ಕಿಲೋಮೀಟರ್ ಉದ್ದಕ್ಕೆ ಬಳುಕುತ್ತ ಹರಿಯುತ್ತಿತ್ತು.

ಈ ಯೋಜನೆಯ ಜಾಣತನವಿರುವುದು ಅಂದದಲ್ಲಲ್ಲ, ಪ್ರವಾಹದ ಲೆಕ್ಕಾಚಾರದಲ್ಲಿ. ಮಳೆಯಿಲ್ಲದ ದಿನ ನದಿ ಕಿರಿದಾಗಿ, ಮಕ್ಕಳು ದಾಟುಗಲ್ಲುಗಳ ಮೇಲೆ ಹೆಜ್ಜೆಯಿಟ್ಟು ಆಚೆ ದಡಕ್ಕೆ ಹೋಗುವಷ್ಟು ಸೌಮ್ಯವಾಗಿರುತ್ತದೆ. ಜೋರು ಮಳೆ ಬಂದಾಗ ಎರಡೂ ಬದಿಯ ಹುಲ್ಲಿನ ಇಳಿಜಾರುಗಳೇ ನದಿಯ ಪಾತ್ರವಾಗಿ, ನೀರು ಸುಮಾರು ನೂರು ಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಹಳೆಯ ಕಾಲುವೆಗಿಂತ ಸುಮಾರು ಶೇ. 40ರಷ್ಟು ಹೆಚ್ಚು ನೀರನ್ನು ಸಾಗಿಸುವ ಶಕ್ತಿ ಇದಕ್ಕೆ ಬಂದದ್ದು ಹೀಗೆ. ನೀರು ಏರುವ ಸೂಚನೆ ಸಿಕ್ಕೊಡನೆ ಎಚ್ಚರಿಕೆಯ ದೀಪಗಳು ಮಿನುಗಿ ಸೈರನ್ ಮೊಳಗುವ ವ್ಯವಸ್ಥೆಯಿದೆ. ಎಲ್ಲಿಯವರೆಗೆ ನೀರು ಬರಬಹುದೆಂಬುದಕ್ಕೆ ಕೆಂಪು ಗುರುತುಗಳಿವೆ. ಬೇಲಿ ಹಾಕಿ ಜನರನ್ನು ನೀರಿನಿಂದ ದೂರವಿಡುವ ಬದಲು, ಯಾವಾಗ ದೂರ ಸರಿಯಬೇಕೆಂದು ಜನರಿಗೆ ತಿಳಿಸುವ ಈ ಕ್ರಮ ನನಗೆ ಬಹಳ ಹಿಡಿಸಿತು.

ದಡದ ಬಳಿ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕುಳಿತು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಒರಟು ಕಲ್ಲುಗಳ ಸಂದಿಯಿಂದ ಪೊದೆಗಳು ಎದ್ದಿವೆ. ಬೇರುಗಳು ಕಲ್ಲನ್ನೂ ಅದರಡಿಯ ಮಣ್ಣನ್ನೂ ಬಿಗಿಯಾಗಿ ತಬ್ಬಿಕೊಂಡಿವೆ. ಎಲ್ಲಿಯೂ ಸಿಮೆಂಟಿನ ಗೆರೆ ಕಾಣುವುದಿಲ್ಲ. ಕೊಂಬೆಗಳ ಕಟ್ಟು, ಕಲ್ಲು ತುಂಬಿದ ತಂತಿಪೆಟ್ಟಿಗೆ, ಬಟ್ಟೆಯಲ್ಲಿ ಸುತ್ತಿದ ಮಣ್ಣಿನ ಪದರ ಮುಂತಾದ ಹತ್ತು ವಿಧಾನಗಳನ್ನು ಮೊದಲು 60 ಮೀಟರ್ ಉದ್ದದ ಒಂದು ಚರಂಡಿಯಲ್ಲಿ ಪ್ರಯೋಗಿಸಿ ನೋಡಿ, ಅವುಗಳಲ್ಲಿ ಏಳನ್ನು ನದಿಗೆ ಬಳಸಿದ್ದಾರೆ. ಗಿಡ ಬೆಳೆದಷ್ಟೂ ದಡ ಗಟ್ಟಿಯಾಗುತ್ತದೆ, ಕಾಂಕ್ರೀಟು ಹಾಕಿದ ದಿನದಿಂದಲೇ ಹಳತಾಗುತ್ತದೆ. ಒಡೆದ ಕಾಲುವೆಯ ಚಪ್ಪಡಿಗಳನ್ನೂ ಎಸೆಯದೆ ಉದ್ಯಾನದೊಳಗೇ ಒಂದು ಸಣ್ಣ ಗುಡ್ಡವಾಗಿ ಪೇರಿಸಿದ್ದಾರೆ; ಅದರ ಮೇಲಿಂದ ಇಡೀ ಬಯಲು ಚೆನ್ನಾಗಿ ಕಾಣುತ್ತದೆ.

ಇಲ್ಲಿಗೆ ಯಾವ ಪ್ರಾಣಿಯನ್ನೂ ಹೊರಗಿನಿಂದ ತಂದು ಬಿಡಲಿಲ್ಲ. ಆದರೂ ಮೊದಲ ಎರಡು ವರ್ಷಗಳಲ್ಲೇ ಜೀವವೈವಿಧ್ಯ ಶೇ. 30ರಷ್ಟು ಹೆಚ್ಚಿತೆಂದು ವರದಿಯಾಯಿತು. ಬೋಳು ಕಾಲುವೆಯೊಂದಿಗೆ ಹೋಲಿಸಿದ ಅಂಕಿ ಇದು ಎಂಬುದನ್ನು ಮರೆಯಬಾರದು, ಹಾಗೆಂದು ಕಡೆಗಣಿಸಬೇಕಾದದ್ದೂ ಅಲ್ಲ. ಬಕಗಳು, ಮಿಂಚುಳ್ಳಿಗಳು, ಏರೋಪ್ಲೇನ್ ಚಿಟ್ಟೆಗಳು ಕಾಣಸಿಗುತ್ತವೆ. ಒಂದು ಕಾಲಕ್ಕೆ ಸಿಂಗಪುರದಿಂದ ಕಣ್ಮರೆಯಾಗಿದ್ದ ನೀರುನಾಯಿಗಳ ಕುಟುಂಬವೊಂದು 2014ರ ಸುಮಾರಿಗೆ ಇಲ್ಲಿ ನೆಲೆಸಿ ಊರಿಗೆಲ್ಲ ಪ್ರಸಿದ್ಧವಾಯಿತು. ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿ ಇರುವ ನುಣುಪು ತುಪ್ಪಳದ ನೀರುನಾಯಿಯೂ ಇದೇ ಜಾತಿಯದು. ಆದರೆ ಅವು ನದಿಯುದ್ದಕ್ಕೂ ಓಡಾಡುವ ಪ್ರಾಣಿಗಳಾದ್ದರಿಂದ ಇಂಥ ದಿನ ಕಂಡೇ ಕಾಣುತ್ತವೆಂದು ಯಾರೂ ಹೇಳಲಾರರು; ಅವನ್ನೇ ನೆಚ್ಚಿಕೊಂಡು ಹೋಗಬೇಡಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆಯಲು ಕಾರಣಗಳಿವೆ. ಹರಿವಿನ ಬಯಲು ಹೆಚ್ಚಾಗಿ ಬರಿಯ ಹುಲ್ಲುಹಾಸು. ನಡುಮಧ್ಯಾಹ್ನ ನೆರಳು ಸಿಗುವುದು ಕಷ್ಟ, ಮತ್ತು ಕತ್ತರಿಸಿದ ಹುಲ್ಲಿನಲ್ಲಿ ಬಾಳುವ ಜೀವಿಗಳು ಹೆಚ್ಚಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ಸುಮಾರು ಹತ್ತು ಕಿಲೋಮೀಟರ್ ಉದ್ದದ ನದಿಯ ಒಂದು ತುಂಡು ಮಾತ್ರ. ಉದ್ಯಾನದ ಗಡಿ ದಾಟಿದೊಡನೆ ಕೆಳಗಡೆ ಮತ್ತೆ ಕಾಂಕ್ರೀಟ್ ಗೋಡೆಗಳು ಎದುರಾಗುತ್ತವೆ. ಪಕ್ಕದಲ್ಲೇ ಸಾರ್ವಜನಿಕ ಉದ್ಯಾನವಿತ್ತು, ನದಿಗೆ ಅಗಲವಾಗಲು ಜಾಗ ಸಿಕ್ಕಿತು. ದಡದ ಅಂಚಿನವರೆಗೂ ಮನೆ, ಅಂಗಡಿ ಎದ್ದುನಿಂತ ಬೆಂಗಳೂರಿನಂಥ ಊರಿನಲ್ಲಿ ಇದನ್ನು ಹೀಗೆಯೇ ನಕಲು ಮಾಡಲಾಗದು. ಅಲ್ಲಿಂದ ಹಿಂದಿರುಗಿ ಇಲ್ಲಿಯೂ ಇಂಥದ್ದೇ ಆಗಬೇಕೆನ್ನುವವರು ಮೊದಲು ಇನ್ನೂ ಖಾಲಿ ಉಳಿದಿರುವ ಕೆರೆಯಂಗಳ ಮತ್ತು ಕಾಲುವೆಯಂಚಿನ ಸರ್ಕಾರಿ ಜಮೀನು ಕೈತಪ್ಪದಂತೆ ನೋಡಿಕೊಳ್ಳಬೇಕಾಗುತ್ತದೆ.

ಹೋಗುವವರಿಗೆ ಬಿಶಾನ್ ಅಥವಾ ಆಂಗ್ ಮೊ ಕಿಯೊ ಎಂಆರ್‌ಟಿ (ಮೆಟ್ರೊ ರೈಲು) ನಿಲ್ದಾಣದಲ್ಲಿ ಇಳಿಯುವುದು ಅನುಕೂಲ. ಮೇರಿಮೌಂಟ್ ರಸ್ತೆ ಉದ್ಯಾನವನ್ನು ಎರಡಾಗಿ ಸೀಳುತ್ತದೆ. ನದಿಯ ಬಯಲು ಒಂದು ಕಡೆ, ಕೊಳಗಳು ಇನ್ನೊಂದು ಕಡೆ. ಕೊಳದ ನೀರನ್ನು ಜವುಗು ಸಸ್ಯಗಳ ಮಡಿಗಳ ಮೂಲಕ ಹಾಯಿಸಿ ಶುದ್ಧೀಕರಿಸುವ ವ್ಯವಸ್ಥೆ ಕೊಳಗಳ ಬದಿಯಲ್ಲಿದೆ. ನೀರಿನ ಆಟದ ಅಂಗಳಕ್ಕೆ ಹೋಗುವುದೂ ಹೀಗೆ ಶುದ್ಧವಾಗಿ, ಆಮೇಲೆ ಅತಿನೇರಳೆ ಕಿರಣಗಳ ಉಪಚಾರ ಪಡೆದ ನೀರೇ. ಹಾಗಾಗಿ ಮಕ್ಕಳಿದ್ದರೆ ಬದಲಿ ಬಟ್ಟೆ ಒಯ್ಯಿರಿ. ಬೆಳಿಗ್ಗೆ ಬೇಗ ಹೋದರೆ ಹಕ್ಕಿಗಳೂ ಸಿಗುತ್ತವೆ, ಬಿಸಿಲೂ ತಪ್ಪುತ್ತದೆ.