ರೂಟರ್ ಬಿಸಿಯಾಗುತ್ತೆ ಅಂತ ಅದರ ಡಬ್ಬಿ ಬಿಚ್ಚಬೇಡಿ

ವೈಫೈ ರೂಟರ್ ಸುಡುತ್ತಿದೆ, ಬಿಚ್ಚಿ ಒಂದು ಫ್ಯಾನ್ ಕೂರಿಸೋಣ ಅನ್ನೋ ಯೋಚನೆ ನಿಮಗಿದ್ದರೆ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಇದನ್ನು ಪೂರ್ತಿ ಓದಿ. ಹೋದ ಏಪ್ರಿಲ್‌ನಲ್ಲಿ ನಾನು ಇದೇ ಕೆಲಸ ಮಾಡಿದೆ. ಮೇ ತಿಂಗಳ ಒಂದು ರಾತ್ರಿ ಎರಡೂವರೆ ಗಂಟೆಗೆ ನಮ್ಮ ಹಾಲ್ ತುಂಬ ಹೊಗೆ. ಅದೇ ಹಾಲ್‌ನಲ್ಲಿ ನಮ್ಮವ್ವ ಮಲಗಿದ್ದಳು.

ಮಂಡ್ಯದ ಸುಭಾಷ್ ನಗರದಲ್ಲಿ ನಮ್ಮದು ಮೇಲಿನ ಮಹಡಿ ಮನೆ. ನೆತ್ತಿ ಮೇಲೆ ತಾರಸಿ, ಪಶ್ಚಿಮದ ಗೋಡೆಗೆ ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು. ಏಪ್ರಿಲ್ ಬಂತು ಅಂದರೆ ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬೆಚ್ಚಗೇ ಇರುತ್ತೆ. ರೂಟರ್ ಇದ್ದದ್ದು ಟಿವಿ ಶೋಕೇಸಿನ ಗಾಜಿನ ಬಾಗಿಲೊಳಗೆ. ಅದರ ಕೆಳಗೆ ಕರೆಂಟ್ ಹೋದಾಗ ಇರಲಿ ಅಂತ ಒಂದು ಸಣ್ಣ ಯುಪಿಎಸ್, ಪಕ್ಕದಲ್ಲೇ ಸೆಟ್ ಟಾಪ್ ಬಾಕ್ಸ್. ಧೂಳು ಕೂರದಿರಲಿ ಅಂತ ಅವ್ವ ಮೇಲೊಂದು ಎಂಬ್ರಾಯ್ಡರಿ ಬಟ್ಟೆ ಬೇರೆ ಮುಚ್ಚಿದ್ದಳು.

ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ನೆಟ್ ಕಟ್ ಆಗುತ್ತಿತ್ತು. ನನ್ನ ಹೆಂಡತಿ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮೀಟಿಂಗ್ ಮಧ್ಯೆ ಲೈನ್ ಹೋಗುವುದು, ಎರಡು ನಿಮಿಷ ಬಿಟ್ಟು ಬರುವುದು, ಮತ್ತೆ ಹೋಗುವುದು. ಮಗಳ ಆನ್‌ಲೈನ್ ಪಾಠದ್ದೂ ಅದೇ ಕತೆ. ಮುಟ್ಟಿ ನೋಡಿದೆ. ರೂಟರ್ ಆಗ ತಾನೆ ಒಲೆಯಿಂದ ಇಳಿಸಿದ ಪಾತ್ರೆ ಇದ್ದ ಹಾಗಿತ್ತು. ಇದು ಬಿಸಿಗೇ ಆಗುತ್ತಿರೋದು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ. ಬೇರೆ ಏನನ್ನೂ ನೋಡಲೇ ಇಲ್ಲ.

ಮೊಬೈಲ್‌ನಲ್ಲಿ ಹುಡುಕಿದರೆ ಇಂಥ ವಿಡಿಯೋಗಳಿಗೆ ಬರವೇ ಇಲ್ಲ. ಮುಚ್ಚಳಕ್ಕೆ ತೂತು ಮಾಡಿ, ಚಿಪ್ ಮೇಲೆ ಅದರ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ತುಂಡು, ಅಂದರೆ ಹೀಟ್ ಸಿಂಕ್ ಅಂಟಿಸಿ, 12 ವೋಲ್ಟ್ ಫ್ಯಾನ್ ಕೂರಿಸಿ ಅಂತ ಹತ್ತು ನಿಮಿಷದಲ್ಲಿ ತೋರಿಸುತ್ತಾರೆ. ಒಂದು ಭಾನುವಾರ ನಾನೂ ಕೂತೆ. ಕಾಯಿಸಿದ ಸೋಲ್ಡರಿಂಗ್ ಐರನ್‌ನಿಂದ ಮುಚ್ಚಳಕ್ಕೆ ಇಪ್ಪತ್ತಕ್ಕೂ ಜಾಸ್ತಿ ತೂತು ಮಾಡಿದೆ. ಹಳೇ ಕಂಪ್ಯೂಟರಿನಿಂದ ತೆಗೆದ ಸಣ್ಣ ಫ್ಯಾನ್ ಮೇಲೆ ಕೂರಿಸಿದೆ. ಅದರ ಎರಡು ವೈರುಗಳನ್ನು ರೂಟರಿನ ಪವರ್ ಪಿನ್ ಇರುತ್ತಲ್ಲ, ಅದರ ಹಿಂಬದಿಗೇ ಬೆಸುಗೆ ಹಾಕಿದೆ. ಬೆಸುಗೆ ಹಾಕಿದ ಜಾಗಕ್ಕೆ ಟೇಪ್ ಸುತ್ತಲಿಲ್ಲ. ಹೀಟ್ ಸಿಂಕ್ ಅಂಟಿಸೋದಕ್ಕೆ ಅದಕ್ಕೆಂದೇ ಬರುವ ಥರ್ಮಲ್ ಟೇಪ್ ಸಿಗಲಿಲ್ಲ ಅಂತ, ಮನೆಯಲ್ಲಿದ್ದ ತಕ್ಷಣ ಅಂಟುವ ಗಮ್ ಎರಡು ಹನಿ ಬಿಟ್ಟು ಒತ್ತಿದೆ.

ಆಮೇಲೆ ಅಡಾಪ್ಟರ್ ವಿಚಾರ. ರೂಟರ್ ಜೊತೆ ಬಂದದ್ದು 12 ವೋಲ್ಟ್ 1 ಆಂಪಿಯರ್. ಈಗ ಫ್ಯಾನ್ ಬೇರೆ ಸೇರಿತಲ್ಲ, ಸಾಲದು ಅನ್ನಿಸಿತು. ತಳ್ಳುಗಾಡಿಯಲ್ಲಿ 150 ರೂಪಾಯಿಗೆ 12 ವೋಲ್ಟ್ 2 ಆಂಪಿಯರ್‌ನದ್ದು ತಂದೆ. ಕಪ್ಪು ಡಬ್ಬಿ. ಮೇಲೆ ವೋಲ್ಟ್ ಮತ್ತು ಆಂಪಿಯರ್ ಬಿಟ್ಟರೆ ಕಂಪನಿ ಹೆಸರಿಲ್ಲ, ಯಾವ ಗುರುತೂ ಇಲ್ಲ. ಕೈಯಲ್ಲಿ ಹಿಡಿದರೆ ಹಳೆಯದಕ್ಕಿಂತ ಹಗುರ ಇತ್ತು. ಆ ಹಗುರವೇ ನನಗೆ ಏನೋ ಹೇಳಬೇಕಿತ್ತು.

ಎಲ್ಲ ಸೇರಿಸಿ, ಶೋಕೇಸಿನಿಂದ ಹೊರಗೆ ತೆಗೆದು, ಕಿಟಕಿ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಮೂರು ವಾರ ಒಂದು ಸಲವೂ ನೆಟ್ ಕಟ್ ಆಗಲಿಲ್ಲ. ಫ್ಯಾನ್ ಹಾಕಿದ್ದಕ್ಕೇ ಸರಿಹೋಯ್ತು ಅಂತ ಮನೆಯವರಿಗೆಲ್ಲ ಹೇಳಿದೆ. ಇಬ್ಬರು ಗೆಳೆಯರಿಗೂ ಹೀಗೇ ಮಾಡಿ ಅಂದೆ. ಅವರಿಬ್ಬರಿಗೂ ಆಮೇಲೆ ಫೋನ್ ಮಾಡಿ, ದಯವಿಟ್ಟು ಮಾಡಬೇಡಿ ಅಂತ ಕೇಳಿಕೊಂಡಿದ್ದೀನಿ.

ಆ ರಾತ್ರಿ ಎಬ್ಬಿಸಿದ್ದು ಅವ್ವ. ಅವಳಿಗೆ ನಿದ್ದೆ ಕಮ್ಮಿ, ಅದೇ ನಮ್ಮ ಪುಣ್ಯ. "ಲೇ ಮಗ, ಏಳ್ಲಾ, ಏನೋ ಸುಟ್ಟ ವಾಸ್ನೆ ಕಣ್ಲಾ" ಅಂತ ಬಾಗಿಲು ಬಡಿದಳು. ಹಾಲ್‌ಗೆ ಬಂದರೆ ಕಣ್ಣು ಉರಿಯುವ ಹೊಗೆ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿದ್ದ ಅಡಾಪ್ಟರ್ ಉಬ್ಬಿಕೊಂಡು, ಒಂದು ಕಡೆ ಕರಗಿ, ಬಾಕ್ಸಿನ ಮೇಲೆ ಇಳಿಯುತ್ತಿತ್ತು. ಅಲ್ಲಿಂದ ಕಿಟಕಿ ಪರದೆಗೆ ಒಂದು ಗೇಣು ದೂರ. ಪರದೆಯ ಅಂಚು ಕಂದಿ ಮುದುರಿಕೊಂಡಿತ್ತು, ಬೆಂಕಿ ಇನ್ನೂ ಹತ್ತಿರಲಿಲ್ಲ. ಅವ್ವ ಅಷ್ಟರಲ್ಲಿ ಚೊಂಬಿನಲ್ಲಿ ನೀರು ತಂದಿದ್ದಳು. "ಅವ್ವ, ಬ್ಯಾಡ, ಹಾಕ್ಬ್ಯಾಡ" ಅಂತ ಕೂಗಿ ಕೈ ಹಿಡಿದೆ. ಕರೆಂಟ್ ಇರುವಾಗ ನೀರು ಹುಯ್ದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ. ನನ್ನ ಹೆಂಡತಿ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದಳು.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಮನೆಯಲ್ಲಿ ಎಂಸಿಬಿ ಇದೆ, ಕರೆಂಟ್ ಮಿತಿ ಮೀರಿದರೆ ತಾನಾಗೇ ಬೀಳುವ ಸ್ವಿಚ್ಚು, ಎರಡು ವರ್ಷದ ಹಿಂದೆ ಹೊಸದು ಹಾಕಿಸಿದ್ದು. ಅದು ಯಾಕೆ ಬೀಳಲಿಲ್ಲ?

ಮಾರನೆಯ ದಿನ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಪೇಟೆ ಬೀದಿಯ ಕಡೆ ಹೋದೆ. ಅಲ್ಲಿ ಟಿವಿ, ರೇಡಿಯೋ ರಿಪೇರಿ ಮಾಡಿಕೊಂಡೇ ತಲೆ ನರೆತ ಒಬ್ಬರಿದ್ದಾರೆ. ಹಳೇ ಅಡಾಪ್ಟರನ್ನೂ ತನ್ನಿ ಅಂದಿದ್ದರು, ಅದನ್ನೂ ಒಯ್ದಿದ್ದೆ. ಅವರು ರೂಟರ್ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸಿದರು. ಹೀಟ್ ಸಿಂಕ್ ಚಿಪ್ ಮೇಲೆ ಇರಲಿಲ್ಲ. ಅಂಟಿದ್ದ ಗಮ್ ಬಿಸಿಗೆ ಹಿಡಿತ ಬಿಟ್ಟು, ಅದು ಜಾರಿ ಕೆಳಗೆ ಬಿದ್ದು, ನಾನು ಬೆಸುಗೆ ಹಾಕಿ ಹಾಗೇ ಬಿಟ್ಟಿದ್ದ ಎರಡು ಪಿನ್ನುಗಳ ಮಧ್ಯೆ ಸೇತುವೆ ಥರ ಸಿಕ್ಕಿಕೊಂಡಿತ್ತು. ಮಲಗಿಸಿ ಇಟ್ಟಿದ್ದರೆ ಬೀಳುತ್ತಿರಲಿಲ್ಲವೇನೋ. ಗೋಡೆಗೆ ನೇತುಹಾಕಿದ್ದೆನಲ್ಲ.

"ಒಳ್ಳೇ ಅಡಾಪ್ಟರ್ ಆಗಿದ್ರೆ ಶಾರ್ಟ್ ಆದ ತಕ್ಷಣ ಬಂದ್ ಆಗ್ತಿತ್ತು ಸಾರ್. ಇದ್ರಲ್ಲಿ ಆ ರಕ್ಷಣೆನೇ ಇಲ್ಲ. ಕೊಡ್ತಾನೇ ಇತ್ತು, ಕಾಯ್ತಾನೇ ಇತ್ತು" ಅಂದರು. ಎಂಸಿಬಿ ವಿಚಾರವನ್ನೂ ಬಿಡಿಸಿ ಹೇಳಿದರು. ಇಂಥ ಅಡಾಪ್ಟರ್ ಒಳಗೊಳಗೇ ಬೆಂದು ಕರಗುತ್ತಿದ್ದರೂ 230 ವೋಲ್ಟ್ ಲೈನಿನಿಂದ ಎಳೆಯುವುದು ಅರ್ಧ ಆಂಪಿಯರ್ ಕೂಡ ಇರುವುದಿಲ್ಲ. 6 ಅಥವಾ 10 ಆಂಪಿಯರ್ ಎಂಸಿಬಿಗೆ ಅದು ಒಂದು ಬಲ್ಬ್ ಉರಿದ ಹಾಗೆ. ಭೂಮಿಗೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್ ಇದ್ದರೂ ಇದನ್ನು ಹಿಡಿಯುತ್ತಿರಲಿಲ್ಲ, ಯಾಕೆಂದರೆ ಇಲ್ಲಿ ಸೋರಿಕೆಯೇ ಇಲ್ಲ. ಬರೀ 12 ವೋಲ್ಟ್ ತಾನೆ, ಏನಾಗುತ್ತೆ ಅಂತ ನಾನು ಅಂದುಕೊಂಡಿದ್ದೆ. ಮುಟ್ಟಿದರೆ 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದರೆ ಬೆಂಕಿ ಹಚ್ಚುವಷ್ಟು ಬಿಸಿ ಅದರಿಂದಲೇ ಹುಟ್ಟುತ್ತೆ.

ಇದಕ್ಕಿಂತ ಮುಖ್ಯವಾದದ್ದು ಆಮೇಲೆ ಗೊತ್ತಾಯಿತು. ಅವರು ನನ್ನ ಹಳೇ ಅಡಾಪ್ಟರನ್ನು ಪ್ಲಗ್‌ಗೆ ಹಾಕಿ ಮೀಟರ್ ಹಿಡಿದರು. 12.1 ತೋರಿಸಿತು. ಸರಿಯಾಗೇ ಇದೆಯಲ್ಲ ಅಂದೆ. "ತಾಳಿ ಸಾರ್" ಅಂತ ಡ್ರಾಯರಿನಿಂದ ಬೈಕ್ ಇಂಡಿಕೇಟರಿನ ಬಲ್ಬ್ ತೆಗೆದರು, 12 ವೋಲ್ಟ್ 10 ವಾಟ್‌ನದ್ದು. ಅದನ್ನು ಸಿಕ್ಕಿಸಿದ್ದೇ ತಡ, ಮೀಟರಿನ ಅಂಕಿ 8.6ಕ್ಕೆ ಇಳಿದು ಅಲ್ಲೇ ನಡುಗತೊಡಗಿತು. ಬಲ್ಬ್ ಮಂಕಾಗಿ ಕೆಂಪಗೆ ಉರಿಯಿತು. ಒಳಗಿನ ಕೆಪಾಸಿಟರ್ ತೋರಿಸಿದರು, ವೋಲ್ಟೇಜ್ ಏರಿಳಿಯದ ಹಾಗೆ ನೋಡಿಕೊಳ್ಳುವ ಸಣ್ಣ ಡಬ್ಬಿಯಂಥದ್ದು. ಚಪ್ಪಟೆ ಇರಬೇಕಾದ ಅದರ ತಲೆ ಬೋಂಡದ ಹಾಗೆ ಉಬ್ಬಿತ್ತು.

ಅಂದರೆ ಏಪ್ರಿಲ್‌ನಲ್ಲಿ ನನ್ನ ರೂಟರಿಗೆ ಯಾವ ರೋಗವೂ ಇರಲಿಲ್ಲ. ಅಡಾಪ್ಟರ್ ಸತ್ತಿತ್ತು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ನೆಟ್ ಬಳಸುವಾಗ ರೂಟರ್ ಜಾಸ್ತಿ ಕರೆಂಟ್ ಕೇಳುತ್ತೆ. ಅಡಾಪ್ಟರಿಗೆ ಕೊಡಲು ಆಗುತ್ತಿರಲಿಲ್ಲ, ವೋಲ್ಟೇಜ್ ಕುಸಿಯುತ್ತಿತ್ತು, ರೂಟರ್ ಆಫ್ ಆಗಿ ಮತ್ತೆ ಶುರುವಾಗುತ್ತಿತ್ತು. ಮೂರು ವಾರ ಚೆನ್ನಾಗಿ ನಡೆದದ್ದು ಫ್ಯಾನಿನಿಂದ ಅಲ್ಲ, ಅಡಾಪ್ಟರ್ ಬದಲಾಗಿದ್ದರಿಂದ. ಬಿಸಿಲು ಮತ್ತು ಗಾಜಿನ ಶೋಕೇಸ್ ಕೊಂದದ್ದು ಆ ಕೆಪಾಸಿಟರನ್ನು. ಬಿಸಿ 10 ಡಿಗ್ರಿ ಜಾಸ್ತಿಯಾದರೆ ಇಂಥ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತೆ ಅನ್ನೋದು ಈ ಕೆಲಸದವರೆಲ್ಲ ಇಟ್ಟುಕೊಂಡಿರುವ ಲೆಕ್ಕ.

ಹಾಗಾಗಿ ಮೊದಲು ದೀಪಗಳನ್ನು ನೋಡಿ. ನೆಟ್ ಹೋದಾಗ ರೂಟರಿನ ಎಲ್ಲ ದೀಪಗಳೂ ಒಟ್ಟಿಗೆ ಆರಿ ಮತ್ತೆ ಒಂದೊಂದಾಗಿ ಹತ್ತಿಕೊಂಡರೆ ಮೊದಲು ಅಡಾಪ್ಟರನ್ನೇ ಅನುಮಾನಿಸಿ. ಫೈಬರ್ ಲೈನ್ ಇದ್ದು ಎಲ್‌ಒಎಸ್ (LOS) ಅಂತ ಬರೆದಿರುವ ದೀಪ ಮಾತ್ರ ಕೆಂಪಗಾದರೆ ಅದು ಹೊರಗಿನ ಲೈನಿನ ತೊಂದರೆ, ಇಲ್ಲವೇ ಕಪಾಟಿನ ಹಿಂದೆ ಆ ತೆಳು ಫೈಬರ್ ವೈರ್ ಎಲ್ಲೋ ಮಡಚಿಕೊಂಡಿದೆ. ಎರಡಕ್ಕೂ ಫ್ಯಾನಿಗೂ ಸಂಬಂಧ ಇಲ್ಲ. ಅಡಾಪ್ಟರ್ ಅನುಮಾನ ಬಂದರೆ ರಿಪೇರಿ ಅಂಗಡಿಯವರಿಗೆ ಹೀಗೆ ಬಲ್ಬಿನಂಥ ಲೋಡ್ ಹಾಕಿ ನೋಡಿ ಅಂತಲೇ ಹೇಳಿ. ಸುಮ್ನೆ ಮೀಟರ್ ಹಿಡಿದರೆ ನನ್ನದರ ಹಾಗೆ ಸರಿ ಅಂತಲೇ ತೋರಿಸಬಹುದು. ನೀವೇ ಅಡಾಪ್ಟರ್ ಬಿಚ್ಚೋಕೆ ಹೋಗಬೇಡಿ. ಪ್ಲಗ್‌ನಿಂದ ತೆಗೆದ ಮೇಲೂ ಸ್ವಲ್ಪ ಹೊತ್ತು ಒಳಗೆ 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು.

ಹೊಸ ಅಡಾಪ್ಟರ್ ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ತೊಂದರೆಯಿಲ್ಲ. 9 ವೋಲ್ಟಿನದ್ದಕ್ಕೂ 12 ವೋಲ್ಟಿನದ್ದಕ್ಕೂ ಪಿನ್ ಎಷ್ಟೋ ಸಲ ಒಂದೇ ಥರ ಇರುತ್ತೆ, ಕೂತಿತು ಅಂತ ಹಾಕಿಬಿಡಬೇಡಿ. ಪ್ಲಸ್ ಒಳಗೋ ಹೊರಗೋ ಅನ್ನೋ ಚಿತ್ರವನ್ನೂ ಎರಡರ ಮೇಲೂ ಹೋಲಿಸಿ. ಇವಕ್ಕೆಲ್ಲ ನಮ್ಮಲ್ಲಿ ಬಿಐಎಸ್, ಅಂದರೆ ಸರ್ಕಾರದ ಗುಣಮಟ್ಟ ನೋಡುವ ಸಂಸ್ಥೆಯ ನೋಂದಣಿ ಕಡ್ಡಾಯ. ಡಬ್ಬಿ ಮೇಲೆ ಅದರ ಗುರುತೂ, 'ಆರ್' (R) ಅಕ್ಷರದಿಂದ ಶುರುವಾಗುವ 8 ಅಂಕಿಯ ನಂಬರೂ ಇರಬೇಕು. ಅದಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ನಾನು ಉಳಿಸಿದ್ದು ಬರೀ ಇನ್ನೂರು ರೂಪಾಯಿ.

ರೂಟರ್ ಬಿಸಿಯಾಗುವುದು ತಪ್ಪಲ್ಲ. ಅದು ಎಳೆದ ಕರೆಂಟೆಲ್ಲ ಹೆಚ್ಚುಕಮ್ಮಿ ಬಿಸಿಯಾಗೇ ಹೊರಗೆ ಬರಬೇಕು, ಅದಕ್ಕೇ ಡಬ್ಬಿಗೆ ಸೀಳುಗಳಿರುವುದು. ಸಾಮಾನ್ಯವಾಗಿ ಮನೆ ಬಳಕೆಯ ರೂಟರುಗಳನ್ನು ಸುತ್ತಲಿನ ಗಾಳಿ 40 ಡಿಗ್ರಿವರೆಗೆ ಇದ್ದರೂ ನಡೆಯುವ ಹಾಗೆ ಮಾಡಿರುತ್ತಾರೆ. ಮಂಡ್ಯದ ಬೇಸಿಗೆಯಲ್ಲಿ ಕೋಣೆಯ ಗಾಳಿ ಹೆಚ್ಚಾಗಿ ಅಷ್ಟರೊಳಗೇ ಇರುತ್ತೆ. ಗಾಜಿನ ಬಾಗಿಲು ಹಾಕಿದ ಶೋಕೇಸಿನೊಳಗಿನ ಗಾಳಿಗೆ ಮಾತ್ರ ಆ ಭರವಸೆ ಇಲ್ಲ. ಹೊರಗೆ ತೆಗೆದಿಡಿ, ಯುಪಿಎಸ್ ಮೇಲಾಗಲಿ ಸೆಟ್ ಟಾಪ್ ಬಾಕ್ಸ್ ಮೇಲಾಗಲಿ ಇಡಬೇಡಿ, ಸುತ್ತ ಒಂದು ಗೇಣು ಜಾಗ ಬಿಡಿ, ಮುಚ್ಚಿದ ಬಟ್ಟೆ ತೆಗೆಯಿರಿ, ಸೀಳುಗಳ ಧೂಳನ್ನು ಒಣ ಬ್ರಷ್‌ನಿಂದ ಕೊಡವಿ. ಅಷ್ಟಾಗಿಯೂ ಗಾಳಿ ಬೇಕೇ ಬೇಕು ಅಂದರೆ ಹೊರಗೊಂದು ಯುಎಸ್‌ಬಿ ಫ್ಯಾನ್ ಇಟ್ಟು ಅದಕ್ಕೆ ಬೇರೆ ಚಾರ್ಜರ್ ಕೊಡಿ. ಡಬ್ಬಿಯೊಳಕ್ಕೆ ಕೈ ಹಾಕಬೇಡಿ.

ಇನ್ನೊಂದು. ಆ ಪೆಟ್ಟಿಗೆ ನನ್ನದೇ ಆಗಿರಲಿಲ್ಲ, ನೆಟ್ ಕನೆಕ್ಷನ್ ಕೊಟ್ಟವರದ್ದು. ಅವರ ಹುಡುಗ ಬಂದು ತೂತುಗಳನ್ನು ನೋಡಿ, "ಬಿಚ್ಚಿದ್ದೀರಲ್ಲ ಸಾರ್, ಇದಕ್ಕೆ ನೀವೇ ದುಡ್ಡು ಕಟ್ಬೇಕು" ಅಂದ. ಕಟ್ಟಿದೆ, ಅವರ ತಪ್ಪೇನೂ ಇಲ್ಲ. ನಿಮ್ಮದು ಕೊಂಡದ್ದೋ, ಅವರು ಬಳಸಲು ಕೊಟ್ಟದ್ದೋ ಒಮ್ಮೆ ನೋಡಿಕೊಳ್ಳಿ.

ಈಗಾಗಲೇ ಯಾರಾದರೂ ಹೀಗೆ ಮಾಡಿಟ್ಟಿದ್ದರೆ ಇವತ್ತು ರಾತ್ರಿ ಮಲಗುವ ಮುಂಚೆ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದಿಡಿ. ಬರೀ ರೂಟರಿನ ಬಟನ್ ಒತ್ತಿದರೆ ಸಾಲದು, ಅಡಾಪ್ಟರೇ ಗೋಡೆಯಿಂದ ಹೊರಗೆ ಬರಬೇಕು. ನಾಳೆ ಬೆಳಗ್ಗೆ ಯಾರಾದರೂ ತಿಳಿದವರ ಹತ್ತಿರ ತೆಗೆದುಕೊಂಡು ಹೋಗಿ.