ಶೂಟ್‌ಗೆ ಚಿನ್ನದ ಬಣ್ಣ ಹಚ್ಚಿಸಿಕೊಳ್ಳುವ ಮುಂಚೆ ಡಬ್ಬಿ ನೋಡಿ

ನವರಾತ್ರಿ ಹತ್ತಿರ ಬಂತು. ಮಂಗಳೂರು, ಉಡುಪಿ ಎರಡೂ ಕಡೆ ದೇವಿಯ ಕಾನ್ಸೆಪ್ಟ್ ಶೂಟ್‌ಗಳು ಶುರುವಾಗುವ ಸಮಯ. ಮುಖ, ಕುತ್ತಿಗೆ, ಕೈಗೆಲ್ಲ ಚಿನ್ನದ ಬಣ್ಣ ಹಚ್ಚಿಸಿಕೊಂಡು ವಿಗ್ರಹದ ಹಾಗೆ ನಿಲ್ಲುವ ಫೋಟೋಗಳು ಈಗ ಜಾಸ್ತಿ. ನೋಡಲು ಚಂದ, ನನಗೂ ಇಷ್ಟ. ನಾನು ಮದುಮಗಳ ಮೇಕಪ್ ಮಾಡುವವಳು, ಹೊಳಪಿನ ಬಣ್ಣಗಳ ಜೊತೆಗೇ ನನ್ನ ಕೆಲಸ. ಆದರೆ ಆ ಚಿನ್ನದ ಬಣ್ಣ ಯಾವ ಡಬ್ಬಿಯಿಂದ ಬಂತು ಎಂದು ಕೇಳುವವರು ತೀರಾ ಕಡಿಮೆ. ಕಳೆದ ವರ್ಷ ನನ್ನ ತಂಗಿಗೆ ಆದದ್ದನ್ನು ಬರೆಯುತ್ತೇನೆ. ಸ್ಟುಡಿಯೋದ ಹೆಸರು ಬೇಡ. ಇಂಥ ಕೆಲಸ ಒಬ್ಬರೇ ಮಾಡುತ್ತಿಲ್ಲ.

ತಂಗಿ ಕಾಲೇಜಿನಲ್ಲಿ ಓದುತ್ತಾಳೆ, ಭರತನಾಟ್ಯ ಕಲಿತಿದ್ದಾಳೆ. ಗುರುತಿನವರ ಮೂಲಕ ಒಂದು ಶೂಟ್‌ಗೆ ಕರೆ ಬಂತು. ತಣ್ಣೀರುಬಾವಿ ಬೀಚಿನಲ್ಲಿ ಸಂಜೆ ಬೆಳಕಿಗೆ ಚಿನ್ನದ ದೇವಿ. ಅವಳು ಮೊದಲೇ ಕೇಳಿದ್ದಳು, ಬಣ್ಣ ಯಾವುದು ಅಂತ. "ಬಾಡಿ ಪೇಂಟ್, ಇಂಪೋರ್ಟೆಡ್" ಎಂದು ಮೇಕಪ್ ಮಾಡುವವರು ಹೇಳಿದ್ದರು. ಅಲ್ಲಿ ಹೋದಾಗ ಬಣ್ಣ ಒಂದು ಖಾಲಿ ಕ್ರೀಮ್ ಡಬ್ಬಿಯಲ್ಲಿತ್ತು, ಲೇಬಲ್ ಇರಲಿಲ್ಲ. ಹಚ್ಚಲು ಶುರು ಮಾಡಿದ ಕೂಡಲೇ ಥಿನ್ನರ್ ವಾಸನೆ ಬಂತಂತೆ. ಕೇಳಿದ್ದಕ್ಕೆ ಬಂದ ಉತ್ತರ: "ಎಂತ ಸಾ ಆಗುದಿಲ್ಲ. ಹುಲಿವೇಷದವರು ಪೇಂಟೇ ಹಚ್ಚುದಲ್ವಾ?"

ಅರ್ಧ ಗಂಟೆಯೊಳಗೆ ಕುತ್ತಿಗೆ ಉರಿಯಲು ಶುರುವಾಯಿತು. ಬಣ್ಣ ಒಣಗಿ ಚರ್ಮ ಬಿಗಿದುಕೊಂಡಿತು. ಹೇಳಿದರೆ, ಸೂರ್ಯ ಮುಳುಗುವ ಮೊದಲು ನಾಲ್ಕು ಫ್ರೇಮ್ ಮುಗಿಸೋಣ ಎಂದರು. ಶೂಟ್ ಮುಗಿದ ಮೇಲೆ ಹತ್ತಿಗೆ ಥಿನ್ನರ್ ಹಾಕಿ ಮುಖ ಒರೆಸಲು ಬಂದರಂತೆ. ಅವಳು ಬಿಡಲಿಲ್ಲ. ದುಪಟ್ಟಾ ಸುತ್ತಿಕೊಂಡು ರಿಕ್ಷಾದಲ್ಲಿ ಮನೆಗೆ ಬಂದಳು.

ನಾನು ಮೂಡುಬಿದಿರೆಯಲ್ಲಿ ಮದುವೆ ಮನೆಯ ಕೆಲಸ ಮುಗಿಸಿ ಬರುವಾಗ ರಾತ್ರಿಯಾಗಿತ್ತು. ಬಚ್ಚಲಲ್ಲಿ ದೀಪದ ಕೆಳಗೆ ಅವಳನ್ನು ಕೂರಿಸಿ ನೋಡಿದೆ. ಎರಡೂ ರೆಪ್ಪೆ ಊದಿದ್ದವು. ಕುತ್ತಿಗೆಯ ಮಡಿಕೆಗಳಲ್ಲಿ ಚಿನ್ನದ ಬಣ್ಣ ಚಿನ್ನವಾಗಿ ಉಳಿದಿರಲಿಲ್ಲ, ಹಸಿರು ತಿರುಗಿತ್ತು. ಸರ ಕೂತ ಜಾಗದಲ್ಲಿ ಹಸಿರು ಗೆರೆ, ಅದರ ಕೆಳಗೆ ಕೆಂಪಗೆ ಬೆಂದ ಚರ್ಮ. ಆ ಹಸಿರು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಹಿತ್ತಾಳೆ ಪುಡಿ ಅಂತ. ಫ್ರೇಮಿಗೆ, ಮಂಟಪದ ಕಂಬಕ್ಕೆ ಹೊಡೆಯುವ ಚಿನ್ನದ ಪೇಂಟಿನಲ್ಲಿ ಇರುವುದು ಸಾಮಾನ್ಯವಾಗಿ ತಾಮ್ರ, ಸತು ಸೇರಿದ ಪುಡಿ. ಬೆವರಿನ ಉಪ್ಪು ತಾಗಿದರೆ ಅದರ ತಾಮ್ರ ಕಿಲುಬು ಹಿಡಿಯುತ್ತದೆ.

ಆಮೇಲೆ ಅವಳ ಗೆಳತಿ ತೆಗೆದ ವಿಡಿಯೋ ನೋಡಿದೆವು. ಹಿಂದೆ ಮರಳಿನ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ದೊಡ್ಡದು ಮಾಡಿ ನೋಡಿದರೆ ಅಕ್ಷರ ಓದಲು ಬರುತ್ತಿತ್ತು: ಮರ, ಲೋಹ, ಗೋಡೆಗೆ. ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಿ ಎಂದೂ ಅದರಲ್ಲೇ ಇತ್ತು. ಅದನ್ನೇ ಕ್ರೀಮ್ ಡಬ್ಬಿಗೆ ಸುರಿದು ತಂದಿದ್ದರು.

ಹುಲಿವೇಷದ ಮಾತಿಗೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಊರಿನಲ್ಲಿ ಎಲ್ಲರ ಬಾಯಿ ಮುಚ್ಚಿಸುವುದು ಈ ಮಾತೇ. ಹೌದು, ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ, ಮಂಗಳೂರು ದಸರಾಕ್ಕೆ ಹುಲಿ ಹಾಕುವವರು ಹಿಂದಿನಿಂದ ಎಣ್ಣೆ ಪೇಂಟ್ ಹಚ್ಚಿಕೊಂಡು ಬಂದವರು. ಅವರಿಗೆ ಉರಿ ಆಗುವುದಿಲ್ಲ ಎಂದು ಯಾರು ಹೇಳಿದ್ದು? ಬಣ್ಣ ಒಣಗುವ ತನಕ ಕೈ ಅಗಲಿಸಿ ನಿಂತವರನ್ನು ಕೇಳಿ ನೋಡಿ. ಸೀಮೆಎಣ್ಣೆ ಹಾಕಿ ಬಣ್ಣ ತೆಗೆದ ಮೇಲೆ ಮೈ ಹೇಗಿರುತ್ತದೆ ಎಂದು ಅವರ ಮನೆಯವರನ್ನು ಕೇಳಿ. ಅವರು ಹರಕೆ ಹೊತ್ತು, ಗೊತ್ತಿದ್ದೇ ಆ ನೋವು ತಿನ್ನುತ್ತಾರೆ. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಆ ನೋವನ್ನು ತೋರಿಸಿ ಒಬ್ಬ ಹುಡುಗಿಯ ಮುಖಕ್ಕೆ ಅವಳಿಗೆ ತಿಳಿಸದೆ ಗೋಡೆಯ ಪೇಂಟ್ ಬಳಿಯುವುದು ಅನ್ಯಾಯ. ಹಿಂದಿನವರು ಹಚ್ಚಿದ್ದೆಲ್ಲ ಸುರಕ್ಷಿತವೂ ಅಲ್ಲ. ಹಳೆಯ ಕಾಲದ ವೇಷದ ಬಣ್ಣಗಳಲ್ಲಿದ್ದ ಕೆಂಪು ಇಂಗಳೀಕದಲ್ಲಿ ಪಾದರಸ ಇದೆ, ಹಳದಿ ಹರಿದಳದಲ್ಲಿ ಆರ್ಸೆನಿಕ್ ಎಂಬ ವಿಷ ಇದೆ.

ಕಾನೂನು ಕೂಡ ಗೋಡೆಯನ್ನೂ ಚರ್ಮವನ್ನೂ ಒಂದೇ ಎಂದು ನೋಡುವುದಿಲ್ಲ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗದ ತನಕ ಇರಬಹುದು ಎಂದು 2016ರ ನಿಯಮ ಹೇಳುತ್ತದೆ. ಕಾಸ್ಮೆಟಿಕ್‌ಗೆ ಹಾಕುವ ಬಣ್ಣದಲ್ಲಿ ಅದರ ಮಿತಿ 20, ಆರ್ಸೆನಿಕ್‌ಗೆ ಬರೇ 2.

ಹಾಗಾದರೆ ಏನು ನೋಡಬೇಕು? ಮೊದಲು ಮೂಲ ಡಬ್ಬಿ. ಬೇರೆ ಡಬ್ಬಿಗೆ ಸುರಿದು ತಂದದ್ದಾದರೆ ಮೂಲ ಡಬ್ಬಿ ತೋರಿಸದೆ ಹಚ್ಚಿಸಿಕೊಳ್ಳಬೇಡಿ. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಲೇಬಲ್ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನ ತನಕ ಬಳಸಬಹುದು, ಒಳಗೆ ಏನೇನು ಹಾಕಿದ್ದಾರೆ ಎಲ್ಲ ಇರಬೇಕು. ಹೊರದೇಶದ್ದಾದರೆ ತರಿಸಿದವರ ಹೆಸರು, ವಿಳಾಸ, ಆಮದು ನೋಂದಣಿ ನಂಬರ್. ಬಾಯಲ್ಲಿ "ಇಂಪೋರ್ಟೆಡ್" ಅಂದರೆ ಸಾಲದು.

ಒಳಗಿನ ಪಟ್ಟಿಯಲ್ಲಿ ಚರ್ಮಕ್ಕೆ ಮಾಡಿದ ಚಿನ್ನದ ಬಣ್ಣಕ್ಕೆ ಸಾಮಾನ್ಯವಾಗಿ ಮೈಕಾ (ಅಭ್ರಕ), ಟೈಟಾನಿಯಂ ಡೈಆಕ್ಸೈಡ್, ಐರನ್ ಆಕ್ಸೈಡ್ ಕಾಣುತ್ತವೆ. ನಂಬರಿನಲ್ಲಿ ಬರೆದಿದ್ದರೆ ಸಿಐ (ಕಲರ್ ಇಂಡೆಕ್ಸ್, ಎಂದರೆ ಬಣ್ಣಗಳಿಗೆ ಕೊಟ್ಟ ನಂಬರ್) 77019, 77891, 77491. ಅಭ್ರಕದ ತೆಳು ಪದರಗಳಿಗೆ ಈ ಆಕ್ಸೈಡ್‌ಗಳ ಲೇಪ ಕೊಟ್ಟಾಗ ಲೋಹ ಇಲ್ಲದೆಯೇ ಲೋಹದ ಹೊಳಪು ಬರುತ್ತದೆ. ಕನ್ನಡಿಯ ಹಾಗೆ ಹೊಳೆಯುವ ಕೆಲವು ಬಾಡಿ ಪೌಡರ್‌ಗಳಲ್ಲಿ ನಿಜವಾದ ಕಂಚಿನ ಪುಡಿಯೂ ಇರುತ್ತದೆ, ಸಿಐ 77400 ಎಂದು. ಅದು ಕಾಸ್ಮೆಟಿಕ್‌ಗೆಂದೇ ಶುದ್ಧ ಮಾಡಿ ಪರೀಕ್ಷೆಯಾದದ್ದು, ಪೇಂಟ್ ಅಂಗಡಿಯ ಪೊಟ್ಟಣ ಅಲ್ಲ.

ಇನ್ನು "ನಾನ್ ಟಾಕ್ಸಿಕ್" ಎಂಬ ಮಾತು. ಮಕ್ಕಳ ಕ್ರಾಫ್ಟ್ ಬಣ್ಣದ ಮೇಲೆ ಇದು ಇರುತ್ತದೆ. ಕಾಗದದ ಮೇಲೆ ಬಳಸಿದರೆ ತೊಂದರೆ ಇಲ್ಲ ಎನ್ನುವುದಷ್ಟೇ ಅದರ ಭರವಸೆ. ಗಂಟೆಗಟ್ಟಲೆ ಮುಖದ ಮೇಲೆ ಇಟ್ಟುಕೊಳ್ಳಬಹುದು ಎಂದು ಅದರ ಅರ್ಥ ಅಲ್ಲ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರವಾಗುತ್ತದೆ, ಎಳೆದರೆ ಹುಬ್ಬಿನ ಕೂದಲು ಸಮೇತ ಬರುತ್ತದೆ. ಕ್ರಾಫ್ಟ್ ಗ್ಲಿಟರ್ ಕೂಡ ಬೇಡ, ಅದರ ಚೂಪು ಅಂಚು ಕಣ್ಣಿನ ಕರಿಗುಡ್ಡೆಯನ್ನು ಗೀರಬಹುದು.

ನಮ್ಮ ಕರಾವಳಿಯ ಸೆಕೆಗೆ ಯಾವುದು ಸರಿ ಎನ್ನುವುದು ಬೇರೆ ತಲೆನೋವು. ನೀರು ಹಾಕಿ ಹಚ್ಚುವ ಕೇಕ್ ಬಣ್ಣ ಚರ್ಮಕ್ಕೆ ಹಗುರ, ತೊಳೆಯುವುದೂ ಸುಲಭ. ಆದರೆ ಬೆವರಿಗೆ ಇಳಿದುಬಿಡುತ್ತದೆ. ಸ್ಟುಡಿಯೋದ ಒಳಗೆ ಎಸಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಆಲ್ಕೋಹಾಲ್ ಬಣ್ಣ ಬೀಚಿನಲ್ಲೂ ನಿಲ್ಲುತ್ತದೆ, ಆದರೆ ಕಣ್ಣಿನ ಸುತ್ತ, ತುಟಿಗೆ ಬೇಡ, ತೆಗೆಯಲು ಅದರದ್ದೇ ರಿಮೂವರ್ ಬೇಕು. ಈ ಬಣ್ಣದಲ್ಲಿ ಸ್ಪಿರಿಟ್ ವಾಸನೆ ಬರುತ್ತದೆ, ಥಿನ್ನರ್ ವಾಸನೆ ಬರುವುದಿಲ್ಲ. ಕ್ರೀಮ್ ಬಣ್ಣ ಅಕ್ಟೋಬರ್ ಬಿಸಿಲಿಗೆ ಕರಗುತ್ತದೆ. ಕ್ರಯೋಲಾನ್, ಮೆಹ್ರಾನ್ ತರಹದ ನಾಟಕ, ಸಿನಿಮಾ ಮೇಕಪ್ ಕಂಪನಿಗಳು ಲೋಹದ ಹೊಳಪಿನ ಬಣ್ಣಗಳನ್ನು ಚರ್ಮಕ್ಕೆಂದೇ ಮಾಡುತ್ತವೆ. ದುಬಾರಿ, ನಿಜ. ಹಾಗಾಗಿ ನಾನು ಮೈಗೆಲ್ಲ ಬಳಿಯುವುದೇ ಇಲ್ಲ. ಕೆಳಗೆ ಸಾಸಿವೆ ಹಳದಿ ಅಥವಾ ಕಂದು ಬೇಸ್ ಕೊಟ್ಟು, ಕೆನ್ನೆಯ ಮೂಳೆ, ಮೂಗಿನ ಗೆರೆ, ಭುಜ, ಎಂದರೆ ಬೆಳಕು ಬೀಳುವ ಜಾಗಕ್ಕೆ ಮಾತ್ರ ಚಿನ್ನ. ಫೋಟೋಗ್ರಾಫರ್ ಪಕ್ಕದಿಂದ ಬೆಳಕು ಕೊಟ್ಟರೆ ಫೋಟೋದಲ್ಲಿ ಇಡೀ ಮೈ ಚಿನ್ನವಾಗಿಯೇ ಕಾಣುತ್ತದೆ.

ಇಡೀ ಮೈಗೆ ಬಣ್ಣ ಬಳಿದರೆ ಚರ್ಮ ಉಸಿರುಗಟ್ಟಿ ಜೀವ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಸುಳ್ಳು, ನಾವು ಉಸಿರಾಡುವುದು ಶ್ವಾಸಕೋಶದಿಂದ. ಆದರೆ ಬೆವರು ಆರದೆ ಮೈಯ ಬಿಸಿ ಏರುವುದು ನಿಜ. ನೆರಳು, ನೀರು, ನಡುವೆ ವಿಶ್ರಾಂತಿ ಬೇಕೇ ಬೇಕು.

ಒಣ ಪುಡಿಯ ವಿಷಯದಲ್ಲಂತೂ ತುಂಬಾ ಜಾಗ್ರತೆ. 1939ರ 'ದ ವಿಜರ್ಡ್ ಆಫ್ ಓಝ್' ಸಿನಿಮಾದಲ್ಲಿ ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಆರಿಸಿದ್ದ ಬಡ್ಡಿ ಎಬ್ಸೆನ್‌ಗೆ ಅಲ್ಯೂಮಿನಿಯಂ ಪುಡಿ ಹಚ್ಚುತ್ತಿದ್ದರು. ಅದು ಉಸಿರಿನ ಜೊತೆ ಒಳಗೆ ಹೋಗಿ ಆತ ಆಸ್ಪತ್ರೆ ಸೇರಿದ, ಪಾತ್ರವೂ ಕೈತಪ್ಪಿತು. ಆಮೇಲೆ ಬಂದ ಜಾಕ್ ಹೇಲಿಗೆ ಪುಡಿ ಬಿಟ್ಟು ಪೇಸ್ಟ್ ಹಚ್ಚಿದರು, ಅದರಿಂದ ಆತನ ಕಣ್ಣಿಗೆ ಸೋಂಕಾಯಿತು. ಅಷ್ಟು ದೊಡ್ಡ ಸ್ಟುಡಿಯೋದಲ್ಲೇ ಹೀಗಾಗಿದೆ. ಪುಡಿಯನ್ನು ಅದರ ದ್ರವದಲ್ಲಿ ಕಲಸಿಯೇ ಹಚ್ಚಬೇಕು. ಫ್ಯಾನ್ ಆಫ್ ಮಾಡಿ, ಕಲಸುವವರು ಮಾಸ್ಕ್ ಹಾಕಲಿ. ಮುಖದ ಮೇಲೆ ಊದುವ, ಉದುರಿಸುವ ಕೆಲಸ ಬೇಡ.

ಒಳ್ಳೆಯ ಕಂಪನಿಯ ಬಣ್ಣವೂ ಎಲ್ಲರಿಗೂ ಒಗ್ಗುವುದಿಲ್ಲ. ಶೂಟ್‌ಗೆ ಎರಡು ಮೂರು ದಿನ ಮುಂಚೆ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ. ಅಲರ್ಜಿ ಕೆಲವೊಮ್ಮೆ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಅದೇ ದಿನ ಬೆಳಗ್ಗೆ ನೋಡಿದರೆ ಪ್ರಯೋಜನ ಇಲ್ಲ. ಫ್ಯಾನ್ಸಿ ಓಲೆ ಹಾಕಿದರೆ ಕಿವಿ ತುರಿಸುವವರು ಇದನ್ನು ಬಿಡಲೇಬಾರದು.

ಈಗಾಗಲೇ ತಪ್ಪು ಬಣ್ಣ ಮೈಮೇಲೆ ಬಿದ್ದಿದ್ದರೆ ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಯಾವುದೂ ಮುಟ್ಟಿಸಬೇಡಿ. ಚರ್ಮದ ಎಣ್ಣೆಯ ಪದರವನ್ನೇ ಅವು ಎಳೆದು ತೆಗೆಯುತ್ತವೆ. ನಾನು ತಂಗಿಗೆ ತೆಂಗಿನೆಣ್ಣೆ ಧಾರಾಳ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಮಲ್ಲು ಬಟ್ಟೆಯಲ್ಲಿ ಮೆಲ್ಲ ಒರೆಸಿದೆ. ಮತ್ತೆ ಎಣ್ಣೆ, ಮತ್ತೆ ಒರೆಸು. ಕೊನೆಗೆ ಉಗುರುಬೆಚ್ಚನೆಯ ನೀರು, ಸೌಮ್ಯ ಸೋಪು. ಪೂರ್ತಿ ಹೋಗಲಿಲ್ಲ. ಹೋಗದ್ದನ್ನು ಉಜ್ಜದೆ ಬಿಟ್ಟೆ. ಕಣ್ಣಿಗೆ ಹೋಗಿದ್ದರೆ ಶುದ್ಧ ನೀರನ್ನು 15 ನಿಮಿಷ ಬಿಡದೆ ಹಾಯಿಸಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಉಸಿರಾಟಕ್ಕೆ ಕಷ್ಟ ಅನ್ನಿಸಿದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ. ಡಬ್ಬಿಯ ಫೋಟೋ ಜೊತೆಗಿರಲಿ. ನಮ್ಮ ಹತ್ತಿರ ಆ ವಿಡಿಯೋ ಇದ್ದದ್ದರಿಂದ ಮರುದಿನ ಚರ್ಮದ ಡಾಕ್ಟರಿಗೆ ಏನು ತಾಗಿದ್ದು ಎಂದು ಸ್ಪಷ್ಟವಾಗಿ ಹೇಳಲು ಆಯಿತು.

ರೆಪ್ಪೆಯ ಊತ ಬೇಗ ಇಳಿಯಿತು. ಕುತ್ತಿಗೆಯ ಕಪ್ಪು ಕಲೆ ಇನ್ನೂ ಪೂರ್ತಿ ಹೋಗಿಲ್ಲ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿಕೊಂಡೇ ಹೋಗಬೇಕು ಎಂದಿದ್ದಾರೆ. ಸ್ಟುಡಿಯೋದವರಿಗೆ ಫೋನ್ ಮಾಡಿದಾಗ "ನಿಮ್ಮ ತಂಗಿಯದ್ದು ಸೆನ್ಸಿಟಿವ್ ಸ್ಕಿನ್ ಮೇಡಂ" ಎಂದರು. ಮರದ ಪೇಂಟಿಗೆ ಯಾರ ಚರ್ಮ ಗಟ್ಟಿ ಇರುತ್ತದೆ? ಔಷಧಿಯ ಖರ್ಚು ಕೊಡುತ್ತೇವೆ ಎಂದು ಒಪ್ಪಿ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಈಗ ಅವರೇ ಈ ದಸರಾಕ್ಕೆ ಹೊಸ ಮಾಡೆಲ್‌ಗಳನ್ನು ಹುಡುಕುತ್ತಿದ್ದಾರೆ ಎಂದು ಕೇಳಿದೆ, ಈ ಸಲ ಬೆಳ್ಳಿ ಬಣ್ಣವಂತೆ. ಅವರಲ್ಲಿಗಾಗಲಿ, ಬೇರೆ ಯಾರ ಶೂಟ್‌ಗಾಗಲಿ ಹೋಗುವವರು ಮುಂಚೆಯೇ ವಾಟ್ಸಾಪ್‌ನಲ್ಲಿ ಡಬ್ಬಿಯ ಮುಂದಿನ, ಹಿಂದಿನ ಎರಡೂ ಬದಿಯ ಫೋಟೋ ತರಿಸಿಕೊಳ್ಳಿ. ಕಳಿಸದಿದ್ದರೆ ಹೋಗಬೇಡಿ. ಅಲ್ಲಿ ಹೋದ ಮೇಲೆ ಬೇರೆ ಡಬ್ಬಿ ತೆರೆದರೆ, ಅಥವಾ ಥಿನ್ನರ್ ವಾಸನೆ ಬಂದರೆ, ಅರ್ಧ ಮೇಕಪ್ ಆಗಿದ್ದರೂ ಎದ್ದು ಬನ್ನಿ.