ಬೆಲ್ಟ್ ಕಟ್ಟಿಕೊಂಡ ಹೆರಿಗೆ, ಓಡಾಡಿಕೊಂಡ ಹೆರಿಗೆ

ಚೊಚ್ಚಲ ಹೆರಿಗೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ಯಾಕೇಜ್ ಕಟ್ಟಿ ಆಯಿತು. ಎರಡನೆಯದು ತವರಿನಲ್ಲಿ, ಮಲೆನಾಡಿನ ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ. ಎರಡೂ ಸಹಜ ಹೆರಿಗೆ. ಇಬ್ಬರು ಮಕ್ಕಳೂ ಚೆನ್ನಾಗಿದ್ದಾರೆ. ಎಲ್ಲಿ ಹೋಗಲಿ ಎಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ಸರ್ಕಾರಿ ಆಸ್ಪತ್ರೆ ಎನ್ನುತ್ತೇನೆ. ಹಣ ಉಳಿದದ್ದು ಆಮೇಲಿನ ಮಾತು. ಅಲ್ಲಿ ನನ್ನನ್ನು ಎದ್ದು ಓಡಾಡಲು ಬಿಟ್ಟರು, ಅದಕ್ಕೆ.

ಕೋಣೆ, ಹಾಸಿಗೆ, ಶುಚಿ, ಊಟದ ಬಗ್ಗೆ ಹೇಳುವುದೇನಿಲ್ಲ. ಅವೆಲ್ಲದರಲ್ಲೂ ಖಾಸಗಿ ಆಸ್ಪತ್ರೆಯೇ ಮುಂದು. ನನ್ನ ತಕರಾರು ಇರುವುದು ಒಂದು ಬೆಲ್ಟಿನ ಮೇಲೆ.

ಖಾಸಗಿ ಆಸ್ಪತ್ರೆಯಲ್ಲಿ ದಾಖಲಾದ ಕೂಡಲೇ ಹೊಟ್ಟೆಗೆ ಎರಡು ಪಟ್ಟಿಗಳನ್ನು ಕಟ್ಟಿದರು. ಒಂದರಲ್ಲಿ ಮಗುವಿನ ಹೃದಯ ಬಡಿತ ಹಿಡಿಯುವ ಬಿಲ್ಲೆ, ಇನ್ನೊಂದರಲ್ಲಿ ನೋವಿನ ಬಿಗಿತ ಅಳೆಯುವ ಬಿಲ್ಲೆ. ಪಕ್ಕದ ಯಂತ್ರದಿಂದ ಗೆರೆ ಎಳೆದ ಕಾಗದ ಹೊರಬರುತ್ತಲೇ ಇರುತ್ತದೆ. ಅರ್ಧ ಗಂಟೆ ನೋಡಿ ಬಿಚ್ಚುತ್ತಾರೆ ಎಂದುಕೊಂಡಿದ್ದೆ. ಮಗು ಹುಟ್ಟುವವರೆಗೂ ಬಿಚ್ಚಲಿಲ್ಲ. ಹೊರಳಿದರೆ ಬಿಲ್ಲೆ ಜಾರುತ್ತದೆ, ಜಾರಿದರೆ ಯಂತ್ರ ಕೂಗುತ್ತದೆ, ಕೂಗಿದರೆ ಸಿಸ್ಟರ್ ಬಂದು ಬಿಗಿದು "ಅಲ್ಲಾಡಬೇಡಿ" ಎಂದು ಹೇಳಿ ಹೋಗುತ್ತಾರೆ. ಕೈಗೆ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಬೇರೆ. ಡ್ರಿಪ್ಪಿನ ವೇಗ ಏರಿಸಿದ ಮೇಲೆ ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಬಿಡುವಿರಲಿಲ್ಲ. ಆ ಹೊತ್ತಿನಲ್ಲಿ ಅಂಗಾತ ಮಲಗಿರುವುದು ಎಂಥ ಶಿಕ್ಷೆ ಎಂಬುದು ಹೆತ್ತವರಿಗೆ ಗೊತ್ತು. ಸೊಂಟ ಒಡೆದು ಹೋಗುವಂತಿತ್ತು. ಶೌಚಕ್ಕೂ ಏಳಲು ಬಿಡದೆ ಬೆಡ್‌ಪ್ಯಾನ್ ಕೊಟ್ಟರು.

ಒಂದು ಸಲ ಪರದೆಯ ಮೇಲೆ ಬಡಿತ ತೊಂಬತ್ತರ ಆಸುಪಾಸಿಗೆ ಇಳಿಯಿತು. ಹೊಟ್ಟೆಯೊಳಗಿನ ಮಗುವಿನ ಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ಮೂರು ಜನ ಒಳಗೆ ಓಡಿ ಬಂದರು. ಸಿಸೇರಿಯನ್ ಮಾಡಬೇಕಾಗಬಹುದು ಎಂದು ಹೊರಗೆ ಕುಳಿತಿದ್ದ ನನ್ನ ಗಂಡನಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಹಿರಿಯ ವೈದ್ಯೆಯೊಬ್ಬರು ಬಂದು ಬಿಲ್ಲೆಯನ್ನು ಸರಿಸಿ, ನನ್ನ ಮಣಿಕಟ್ಟು ಹಿಡಿದು ನೋಡಿದರು. ಯಂತ್ರ ಹಿಡಿದದ್ದು ನನ್ನದೇ ನಾಡಿಯನ್ನು! ಬಿಲ್ಲೆ ಜಾರಿದಾಗ ಹೀಗೂ ಆಗುತ್ತದಂತೆ. ಮಗುವಿನ ಬಡಿತ ಸರಿಯಾಗಿಯೇ ಇತ್ತು. ಆದರೆ ಅಷ್ಟರಲ್ಲಿ ನನ್ನ ಕೈಕಾಲು ತಣ್ಣಗಾಗಿದ್ದವು, ಧೈರ್ಯ ಹೇಳಲು ನನ್ನವರೆನ್ನುವವರು ಯಾರೂ ಒಳಗಿರಲಿಲ್ಲ.

ತೊಡಕಿಲ್ಲದ ಬಸಿರು, ತಾನಾಗಿಯೇ ಬಂದ ನೋವು ಎಂದಾದರೆ ಹೀಗೆ ಬಿಡದೆ ಬೆಲ್ಟ್ ಕಟ್ಟಿಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ. ನೋವು ಜೋರಾದ ಮೇಲೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ, ಮಗುವನ್ನು ಹೊರದೂಡಲು ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಬಡಿತ ಕೇಳಿದರೆ ಸಾಕು ಎನ್ನುತ್ತದೆ ಅದು. ಡ್ರಿಪ್ ಹಾಕಿದವರಿಗೆ ನಿರಂತರ ನಿಗಾ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಬೆಲ್ಟ್ ಬಂದದ್ದು ಡ್ರಿಪ್ಪಿಗೂ ಮೊದಲು. ನನಗೆ ಕಂಡ ಕಾರಣ ಇಷ್ಟೇ: ಹಲವು ಹಾಸಿಗೆಗಳಿಗೆ ಒಬ್ಬರೇ ಸಿಸ್ಟರ್ ಇದ್ದರು. ಪಕ್ಕದಲ್ಲಿ ಮನುಷ್ಯರು ಇರಬೇಕಾದ ಕಡೆ ಯಂತ್ರ ಇತ್ತು.

ತವರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಮಗುವಿನ ಬಡಿತ ಕೇಳಿಸುವ ಅಂಗೈಯಗಲದ ಯಂತ್ರ, ಡಾಪ್ಲರ್, ಹಿಡಿದು ಬರುತ್ತಿದ್ದರು. ಹೊಟ್ಟೆಗೆ ಒತ್ತಿ, ಕೇಳಿ, ಬರೆದುಕೊಂಡು, "ಮಗು ಚೆನ್ನಾಗಿದೆ, ನೀವು ಓಡಾಡಿ" ಎನ್ನುತ್ತಿದ್ದರು. ನಾನು ಕಾರಿಡಾರಿನಲ್ಲಿ ಅಮ್ಮನ ಹೆಗಲು ಹಿಡಿದು ನಡೆದೆ. ನೋವು ಬಂದಾಗ ಕಿಟಕಿಯ ಸರಳಿಗೆ ಜೋತುಬಿದ್ದು ಸೊಂಟ ಅಲ್ಲಾಡಿಸಿದೆ, ಅಮ್ಮ ಬೆನ್ನಿನ ಕೆಳಗೆ ಅಂಗೈಯಿಂದ ಒತ್ತಿದರು. ನಡುವೆ ಗಂಜಿ ಕುಡಿದೆ. ನೀರು ಒಡೆದದ್ದೂ ನಿಂತಿದ್ದಾಗಲೇ. ನೋವು ಕಡಿಮೆಯೇನೂ ಇರಲಿಲ್ಲ, ಜೋರಾಗಿ ಕಿರುಚಿದ್ದೇನೆ. ಆದರೆ ಪ್ರತಿ ನೋವಿಗೂ ಮಾಡಲು ನನಗೊಂದು ಕೆಲಸವಿತ್ತು.

ಎರಡನೆಯದು ಹೇಗೂ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ನಿಜವೇ. ದಾರಿ ಒಮ್ಮೆ ತೆರೆದಿರುತ್ತದೆ. ಅಷ್ಟನ್ನು ಕಳೆದೇ ನನ್ನ ಮಾತನ್ನು ತೂಗಿ.

ಅಮ್ಮ ಒಳಗಿದ್ದುದು ಸಿಸ್ಟರ್ ತೋರಿದ ಕರುಣೆಯಲ್ಲ, ಅದಕ್ಕೆ ನಿಯಮವೇ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗೊಬ್ಬರು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ಕೊಟ್ಟಿದೆ. 2017ರ ಕೊನೆಯಲ್ಲಿ ಬಂದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಗಳನ್ನು ಸುಧಾರಿಸುವಾಗ ಇದನ್ನೂ ಸೇರಿಸಿಕೊಂಡಿತು. ಹೆತ್ತ ಅನುಭವವಿರುವ ಹೆಂಗಸು ಇರಲಿ ಎನ್ನುವುದು ನಿಯಮದ ಆಶಯ. ಮರೆಗೆ ಸರಿಯಾದ ವ್ಯವಸ್ಥೆ ಇದ್ದರೆ ಮಾತ್ರ ಗಂಡನಿಗೂ ಪ್ರವೇಶ. ನನ್ನವರು ಎರಡೂ ಸಲ ಬಾಗಿಲ ಹೊರಗೇ ಇದ್ದರು. ಆ ಕೊರಗು ಅವರಿಗೆ ಇಂದಿಗೂ ಇದೆ.

ಹೆರಿಗೆ ನೋವು ಇಳಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಮದ್ದಿನ ವಿಷಯದಲ್ಲಿ ಖಾಸಗಿಗೇ ನನ್ನ ಮತ. ಬೆನ್ನಿಗೆ ಸೂಜಿ ಹಾಕಿದ ಇಪ್ಪತ್ತು ನಿಮಿಷದಲ್ಲಿ ನೋವು ಇಳಿದು ನಿದ್ದೆ ಬಂತು. ಮುಕ್ಕುವ ಹೊತ್ತಿಗೆ ಎಲ್ಲಿ ಬಲ ಹಾಕಬೇಕೆಂದು ತಿಳಿಯದೆ ತಡವಾಯಿತು, ಹೊಲಿಗೆಗಳೂ ಹೆಚ್ಚಾದವು. ತಾಲ್ಲೂಕು ಆಸ್ಪತ್ರೆಯಲ್ಲಿ ಎಪಿಡ್ಯೂರಲ್ ಸಿಗಲಿಲ್ಲ. ಸಿಸೇರಿಯನ್‌ಗೆ ಕರೆಸುವ ಅರಿವಳಿಕೆ ವೈದ್ಯರನ್ನು ನೋವು ಇಳಿಸಲು ರಾತ್ರಿಯಿಡೀ ಕೂರಿಸುವಷ್ಟು ಅನುಕೂಲ ಅಲ್ಲಿಲ್ಲ.

ಹಣದ ಲೆಕ್ಕ ಎರಡೇ ಸಾಲು. ಪ್ಯಾಕೇಜ್‌ಗೆ ಎಪಿಡ್ಯೂರಲ್, ಔಷಧಿ, ಮಕ್ಕಳ ವೈದ್ಯರ ಶುಲ್ಕ ಸೇರಿ ಬಿಲ್ಲು ಒಂದು ಲಕ್ಷ ದಾಟಿತು. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ರಕ್ತ, ಊಟ ಎಲ್ಲವೂ ಉಚಿತ. ಮನೆಗೆ ಬಿಟ್ಟದ್ದೂ 'ನಗು-ಮಗು' ವಾಹನ.

ಸರ್ಕಾರಿ ಆಸ್ಪತ್ರೆಯ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಶೌಚಾಲಯ ಸಂಜೆಯ ಹೊತ್ತಿಗೆ ಕಾಲಿಡುವಂತಿರಲಿಲ್ಲ. ಬಿಸಿನೀರನ್ನು ಫ್ಲಾಸ್ಕಿನಲ್ಲಿ ಮನೆಯಿಂದಲೇ ತರಿಸಿಕೊಂಡೆವು. ಗಂಡು ಮಗು ಎಂದು ತಿಳಿದ ಕೂಡಲೇ ಆಯಾ "ಖುಷಿಗೆ ಏನಾದರೂ ಕೊಡಿ" ಎಂದು ಕೈ ಚಾಚಿದ್ದು ಬೇಸರ ತಂದಿತು. ಮಗಳು ಹುಟ್ಟಿದ್ದರೆ ಕೇಳುತ್ತಿದ್ದರೇ ಎಂಬ ಪ್ರಶ್ನೆ ಈಗಲೂ ಚುಚ್ಚುತ್ತದೆ. ಆದರೆ ಮಗುವನ್ನು ಒರೆಸಿ ನೇರ ನನ್ನ ಎದೆಯ ಮೇಲಿಟ್ಟರು, ಹೊಕ್ಕುಳಬಳ್ಳಿಯ ಮಿಡಿತ ನಿಂತ ಮೇಲೆ ಕತ್ತರಿಸಿದರು. ಮೊದಲ ಸಲ ಮಗಳನ್ನು ತೂಕಕ್ಕೆ, ತಪಾಸಣೆಗೆ ಎಂದು ಒಯ್ದವರು ಕೊಡಲು ಬಹಳ ಹೊತ್ತು ಮಾಡಿದ್ದರು.

ನಾನು ತಲೆನೋವು ಬಂದರೂ ಮಲಗಲಾರದೆ ಮನೆಯೆಲ್ಲ ತಿರುಗುವವಳು. ನನಗೆ ಈ ಆಸ್ಪತ್ರೆ ಒಗ್ಗಿತು. ರಕ್ತದೊತ್ತಡ, ಸಕ್ಕರೆ, ಅವಳಿ ಮಕ್ಕಳು, ಹಿಂದಿನ ಸಿಸೇರಿಯನ್ ಇದ್ದವರು ರಕ್ತನಿಧಿ ಮತ್ತು ನವಜಾತ ಶಿಶುಗಳ ಘಟಕ ಇರುವ ಜಿಲ್ಲಾ ಆಸ್ಪತ್ರೆಯನ್ನೋ ದೊಡ್ಡ ಖಾಸಗಿ ಆಸ್ಪತ್ರೆಯನ್ನೋ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ತಂಗಿಗೆ ಈಗ ಏಳು ತಿಂಗಳು. ಅವಳಿಗೆ ನೋವೆಂದರೆ ಭಯ, ಎಪಿಡ್ಯೂರಲ್ ಬೇಕೇ ಬೇಕು. ಹಾಗಾದರೆ ಖಾಸಗಿಗೇ ಹೋಗು ಎಂದಿದ್ದೇನೆ. ಮುಂಗಡ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ ಬಾ ಎಂದೂ ಹೇಳಿದ್ದೇನೆ: ಸೂಜಿ ಹಾಕುವವರೆಗೆ ಬೆಲ್ಟ್ ಬಿಚ್ಚಿ ಓಡಾಡಲು ಬಿಡುತ್ತೀರಾ, ಅಮ್ಮನನ್ನು ಒಳಗೆ ಬಿಡುತ್ತೀರಾ, ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ಹಾಸಿಗೆ?